ದೊಡ್ಡ ಕರುಳಿನ ಕ್ಯಾನ್ಸರ್: ಒಂದು ಭಾಗ ತೆಗೆಸುವುದೋ, ಪೂರ್ತಿ ತೆಗೆಸುವುದೋ?

"ಶಿವಮೊಗ್ಗದ ಡಾಕ್ಟ್ರು ಬಲಗಡೆ ಕರುಳು ತೆಗೆದ್ರೆ ಸಾಕು ಅಂದ್ರು. ಬೆಂಗಳೂರಿನವರು ಹೆಚ್ಚುಕಡಿಮೆ ಇಡೀ ದೊಡ್ಡ ಕರುಳೇ ತೆಗೆಯೋದು ಒಳ್ಳೇದು ಅಂತಾರೆ. ಅಪ್ಪಯ್ಯನಿಗೆ ಯಾವುದು ಮಾಡಿಸೋದು?" ಸಾಗರದ ಕಡೆಯವರು ಹೀಗೆ ಕೇಳಿದರೆ, ಕೊಪ್ಪ, ಶೃಂಗೇರಿ ಕಡೆಯವರು ಅದನ್ನೇ ತಿರುಗಿಸಿ ಕೇಳುತ್ತಾರೆ: ಪೂರ್ತಿ ತೆಗೆಸಿಬಿಟ್ಟರೆ ನಿಶ್ಚಿಂತೆಯಲ್ಲವಾ, ಅರ್ಧ ಯಾಕೆ ಉಳಿಸಬೇಕು?

ಇಬ್ಬರು ಡಾಕ್ಟರು ಹೇಳಿದ್ದೂ ಸರಿಯಿರಬಹುದು ಎಂದರೆ ಮನೆಯವರಿಗೆ ಸಿಟ್ಟು ಬರುತ್ತದೆ. ಆದರೂ ಅದು ನಿಜ. ಬಹುಪಾಲು ರೋಗಿಗಳಲ್ಲಿ ಎಷ್ಟು ತೆಗೆಯಬೇಕು ಎಂಬುದನ್ನು ಗೆಡ್ಡೆ ಕೂತ ಜಾಗವೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ಅಲ್ಲಿ ಮನೆಯವರು ಆರಿಸುವುದಕ್ಕೆ ಹೆಚ್ಚೇನೂ ಇಲ್ಲ. ಕೆಲವೇ ಸಂದರ್ಭಗಳಲ್ಲಿ ನಿಜವಾದ ಆಯ್ಕೆ ಇರುತ್ತದೆ. ನಿಮ್ಮದು ಯಾವ ಗುಂಪು ಎಂದು ಗೊತ್ತಾದರೆ ಅರ್ಧ ಗೊಂದಲ ಕಳೆದ ಹಾಗೆ. ನಾನು ಸರ್ಜನ್ ಅಲ್ಲ, ಫಿಸಿಶಿಯನ್. ಆಪರೇಷನ್‌ಗೆ ಮೊದಲು ಫೈಲ್ ಹಿಡಿದು ಬರುವವರನ್ನೂ, ಆಪರೇಷನ್ ಮುಗಿಸಿ ಊರಿಗೆ ಬಂದ ಮೇಲೆ ದಿನಕ್ಕೆಷ್ಟು ಸಲ ಕಕ್ಕಸಿಗೆ ಓಡಬೇಕಾಯಿತು ಎಂದು ಲೆಕ್ಕ ಒಪ್ಪಿಸುವವರನ್ನೂ ನೋಡುವವನು. ಹಾಗಾಗಿ ಇಲ್ಲಿ ಆಪರೇಷನ್ ನಂತರದ ಬದುಕಿಗೆ ಸ್ವಲ್ಪ ಹೆಚ್ಚೇ ಜಾಗ ಸಿಕ್ಕಿದೆ.

ಯಾವುದನ್ನು ನೋಡಿ ತೀರ್ಮಾನಿಸುವುದು

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್, ಅಂದರೆ ಐದಡಿ ಉದ್ದ. ಹೊಟ್ಟೆಯ ಬಲಗಡೆ ಕೆಳಗೆ ಅಪೆಂಡಿಕ್ಸ್ ಇರುವಲ್ಲಿ ಶುರುವಾಗಿ, ಮೇಲೇರಿ, ಲಿವರಿನ ಕೆಳಗೆ ತಿರುಗಿ, ಹೊಟ್ಟೆಗೆ ಅಡ್ಡಲಾಗಿ ಹಾದು, ಗುಲ್ಮದ ಹತ್ತಿರ ಮತ್ತೆ ತಿರುಗಿ ಎಡಗಡೆ ಇಳಿಯುತ್ತದೆ. ಆಮೇಲೆ ಸಿಗ್ಮಾಯ್ಡ್ ಎಂಬ ಡೊಂಕಾದ ಭಾಗ, ಅದರಾಚೆ ಗುದನಾಳ. ಗುದನಾಳದ ಕ್ಯಾನ್ಸರ್‌ನ ಲೆಕ್ಕವೇ ಬೇರೆ, ಅಲ್ಲಿ ರೇಡಿಯೇಷನ್ ಬರುತ್ತದೆ, ಮಲದ್ವಾರದ ಸ್ನಾಯು ಉಳಿಯುತ್ತದೋ ಇಲ್ಲವೋ ಎಂಬ ಪ್ರಶ್ನೆ ಬರುತ್ತದೆ. ಅದನ್ನು ಇಲ್ಲಿ ಸೇರಿಸಿಲ್ಲ.

ಮೊದಲು ನೋಡಬೇಕಾದದ್ದು ರಕ್ತನಾಳ. ಕರುಳಿನ ಬಲಭಾಗಕ್ಕೂ ಅಡ್ಡ ಭಾಗದ ಬಹುಪಾಲಿಗೂ ಸುಪೀರಿಯರ್ ಮೆಸೆಂಟೆರಿಕ್ ಎಂಬ ದೊಡ್ಡ ರಕ್ತನಾಳದ ಕವಲುಗಳು ರಕ್ತ ಕೊಡುತ್ತವೆ. ಎಡಭಾಗಕ್ಕೂ ಸಿಗ್ಮಾಯ್ಡ್‌ಗೂ ಇನ್‌ಫೀರಿಯರ್ ಮೆಸೆಂಟೆರಿಕ್‌ನ ಕವಲುಗಳು. ಕ್ಯಾನ್ಸರ್ ಕಣಗಳು ಕರುಳಿನ ಉದ್ದಕ್ಕೆ ಹೆಚ್ಚು ದೂರ ಹರಿಯುವುದಿಲ್ಲ. ಅವು ಗೋಡೆಯ ಆಳಕ್ಕೆ ಇಳಿದು, ಈ ಕವಲುಗಳ ಪಕ್ಕದಲ್ಲೇ ಸಾಲಾಗಿ ಕೂತ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ಸೇರುತ್ತವೆ. ಗ್ರಂಥಿಗಳನ್ನು ತೆಗೆಯಬೇಕಾದರೆ ಕವಲನ್ನು ಬುಡದಲ್ಲೇ ಕಟ್ಟಿ ಕತ್ತರಿಸಬೇಕು. ಕಾಲುವೆಯನ್ನು ತಲೆಯಲ್ಲೇ ಕಟ್ಟಿದರೆ ಅದರ ನೀರು ನಂಬಿದ ಅಡಿಕೆ ಸಾಲುಗಳೆಲ್ಲ ಒಣಗುವ ಹಾಗೆ, ಆ ಕವಲನ್ನು ನಂಬಿದ ಕರುಳೂ ಉಳಿಯುವುದಿಲ್ಲ. ಅದನ್ನೂ ಜೊತೆಗೇ ತೆಗೆಯಬೇಕು. ನಿಂಬೆಹಣ್ಣಿನಷ್ಟು ಗೆಡ್ಡೆಗೆ ಒಂದಡಿ ಕರುಳು ಯಾಕೆ ತೆಗೆದರು ಎಂದು ಕೇಳುವವರಿಗೆ ಉತ್ತರ ಇದೇ. ಗೆಡ್ಡೆಯ ಎರಡೂ ಬದಿಗೆ ಕನಿಷ್ಠ 5 ಸೆಂ.ಮೀ. ಒಳ್ಳೆಯ ಕರುಳು ಬರಬೇಕೆಂಬುದು ಸಾಮಾನ್ಯ ಪದ್ಧತಿ. ಜಪಾನಿನ ಸರ್ಜನ್‌ಗಳ ಲೆಕ್ಕ 10 ಸೆಂ.ಮೀ. ತೆಗೆದ ತುಂಡಿನಲ್ಲಿ ಕನಿಷ್ಠ 12 ಗ್ರಂಥಿಗಳನ್ನಾದರೂ ಪೆಥಾಲಜಿಯವರು ಪರೀಕ್ಷಿಸಿರಬೇಕು. ಇಲ್ಲದಿದ್ದರೆ ಕಾಯಿಲೆಯ ಹಂತವನ್ನು ನಂಬಿಕೆಯಿಂದ ಹೇಳುವುದು ಕಷ್ಟ, ಕೀಮೋ ಬೇಕೋ ಬೇಡವೋ ಎಂಬ ತೀರ್ಮಾನವೂ ಅಲುಗಾಡುತ್ತದೆ.

ಎರಡನೆಯದು, ಉಳಿಯುವ ಕರುಳು ಎಷ್ಟು ನಂಬಿಕಸ್ಥ ಎಂಬುದು. ಅದರಲ್ಲಿ ಇನ್ನೊಂದು ಗೆಡ್ಡೆ ಈಗಲೇ ಇದೆಯೇ? ಮುಂದೆ ಬರುವ ಗುಣ ಮನೆತನದಲ್ಲಿದೆಯೇ? ಆಪರೇಷನ್‌ಗೆ ಮೊದಲು ಕೊಲೊನೋಸ್ಕೋಪಿ (ಮಲದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ನೋಡುವ ಪರೀಕ್ಷೆ) ಇಡೀ ಕರುಳನ್ನು ನೋಡಿರಬೇಕೆನ್ನುವುದು ಇದಕ್ಕೇ. ಗೆಡ್ಡೆ ದಾರಿ ಕಟ್ಟಿ ಸ್ಕೋಪ್ ಮುಂದೆ ಹೋಗದಿದ್ದರೆ, ಆಪರೇಷನ್ ಆಗಿ ಮೂರರಿಂದ ಆರು ತಿಂಗಳೊಳಗೆ ಉಳಿದ ಭಾಗವನ್ನು ನೋಡಿಸಲೇಬೇಕು. ಮೂರನೆಯದು ಆಮೇಲಿನ ದಿನಚರಿ. ನಾಲ್ಕನೆಯದು ರೋಗಿಯ ತ್ರಾಣ ಮತ್ತು ಅವಸರ: ಎಂಬತ್ತರ ಅಜ್ಜಿಗೂ ನಲವತ್ತರ ಮಗನಿಗೂ, ನಡೆದು ಬಂದವರಿಗೂ ಹೊಟ್ಟೆ ಉಬ್ಬಿ ಆಂಬುಲೆನ್ಸ್‌ನಲ್ಲಿ ಬಂದವರಿಗೂ ಒಂದೇ ಉತ್ತರ ಇರುವುದಿಲ್ಲ. ಹಣದ ಮಾತು ಕೊನೆಗೆ.

ಆಪರೇಷನ್ನೇ ಬೇಡದವರು

ಕೊಲೊನೋಸ್ಕೋಪಿಯಲ್ಲಿ ತೆಗೆದ ಪಾಲಿಪ್‌ನೊಳಗೆ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು) ಕ್ಯಾನ್ಸರ್ ಸಿಕ್ಕಿತು ಎಂದ ಕೂಡಲೇ ಹೊಟ್ಟೆ ಕೊಯ್ಯಿಸಬೇಕಾಗಿಲ್ಲ. ಪಾಲಿಪ್ ಇಡಿಯಾಗಿ ಬಂದು, ಅಂಚು ಶುದ್ಧವಾಗಿದ್ದು, ಕಣಗಳು ತೀರ ಒರಟು ಜಾತಿಯವಲ್ಲದೆ, ರಕ್ತನಾಳ ಅಥವಾ ದುಗ್ಧನಾಳಕ್ಕೆ ನುಗ್ಗದೆ, ಗೋಡೆಯೊಳಗೆ ಆಳಕ್ಕೆ ಇಳಿಯದೆ ಇದ್ದರೆ ಅಲ್ಲಿಗೆ ಚಿಕಿತ್ಸೆ ಮುಗಿದಿರಬಹುದು. ಈ ಐದೂ ವಿಷಯ ರಿಪೋರ್ಟ್‌ನಲ್ಲಿ ಬರೆದಿದೆಯೇ ನೋಡಿ. ಬರೆದಿಲ್ಲವಾದರೆ ಸ್ಲೈಡನ್ನು ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸುವುದು ಆಪರೇಷನ್‌ಗಿಂತ ಅಗ್ಗ.

ಒಂದು ಭಾಗ ತೆಗೆಯುವುದು

ಹೆಚ್ಚಿನವರಿಗೆ ಆಗುವುದು ಇದೇ. ಗೆಡ್ಡೆ ಬಲಗಡೆ ಇದ್ದರೆ ರೈಟ್ ಹೆಮಿಕೊಲೆಕ್ಟಮಿ: ಸಣ್ಣ ಕರುಳಿನ ತುದಿಯ ಕೆಲವು ಸೆಂಟಿಮೀಟರ್, ಅಪೆಂಡಿಕ್ಸ್, ಮೇಲೇರುವ ಕರುಳು, ಲಿವರ್ ಕೆಳಗಿನ ತಿರುವು, ಅಡ್ಡ ಕರುಳಿನ ಒಂದಷ್ಟು ಭಾಗ. ಉಳಿದ ಎರಡು ತುದಿಗಳನ್ನು ಜೋಡಿಸುತ್ತಾರೆ. ಎಡಗಡೆ ಇದ್ದರೆ ಲೆಫ್ಟ್ ಹೆಮಿಕೊಲೆಕ್ಟಮಿ, ಸಿಗ್ಮಾಯ್ಡ್‌ನಲ್ಲಿದ್ದರೆ ಆ ಭಾಗ ಮಾತ್ರ.

ಉಳಿದ ಕರುಳು ಆರೋಗ್ಯವಾಗಿದ್ದು, ಮನೆತನದ ದೋಷ ಇಲ್ಲದವರಿಗೆ ಇದಕ್ಕಿಂತ ಹೆಚ್ಚು ತೆಗೆಸಿದರೆ ಬದುಕುಳಿಯುವ ಸಾಧ್ಯತೆ ಏನೂ ಹೆಚ್ಚುವುದಿಲ್ಲ. ಪೂರ್ತಿ ತೆಗೆಸಿದರೆ ನಿಶ್ಚಿಂತೆ ಎನ್ನುವವರಿಗೆ ನಾನು ಇದನ್ನೇ ಹೇಳುವುದು. ಕ್ಯಾನ್ಸರ್ ಮರಳಿ ಬರುವುದು ಬಹಳ ಸಲ ಲಿವರಿನಲ್ಲಿ, ಶ್ವಾಸಕೋಶದಲ್ಲಿ, ಹೊಟ್ಟೆಯ ಪೊರೆಯ ಮೇಲೆ. ಒಳ್ಳೆಯ ಕರುಳನ್ನು ಎರಡಡಿ ಹೆಚ್ಚು ಕತ್ತರಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಗ್ರಂಥಿಗೆ ಹಬ್ಬಿದ್ದರೆ ಕೀಮೋ ಆ ಕೆಲಸ ಮಾಡಬೇಕು.

ಆಮೇಲಿನ ಬದುಕೂ ಇದರಲ್ಲಿ ಸುಲಭ. ಮೊದಲ ಕೆಲವು ವಾರ ಸಡಿಲವಾಗಿ, ಮೂರು ನಾಲ್ಕು ಸಲ ಹೋಗಬೇಕಾಗಬಹುದು. ನಿಧಾನಕ್ಕೆ ಹಳೆಯ ಕ್ರಮಕ್ಕೆ ಹತ್ತಿರ ಬರುತ್ತದೆ. ಬಲಭಾಗ ತೆಗೆದವರಲ್ಲಿ ಕೆಲವರಿಗೆ ಭೇದಿ ನಿಲ್ಲದೆ ಕಾಡುವುದುಂಟು. ಸಣ್ಣ ಕರುಳಿನ ತುದಿ ಪಿತ್ತದ ಲವಣಗಳನ್ನು ಹೀರುವ ಜಾಗ; ಅದು ಹೋದಾಗ ಪಿತ್ತ ದೊಡ್ಡ ಕರುಳಿಗೆ ಇಳಿದು ಕೆರಳಿಸುತ್ತದೆ. ಇದಕ್ಕೆ ಕೊಲೆಸ್ಟಿರಮಿನ್ ಎಂಬ ಪುಡಿ ಇದೆ. "ಆಪರೇಷನ್ ಆದವರಿಗೆ ಇದೆಲ್ಲ ಇದ್ದದ್ದೇ" ಎಂದು ವರ್ಷಗಟ್ಟಲೆ ಸುಮ್ಮನಿರುವವರನ್ನು ಕಂಡಿದ್ದೇನೆ, ಸುಮ್ಮನಿರಬೇಡಿ.

ಗೆಡ್ಡೆ ಅಡ್ಡ ಕರುಳಿನ ನಡುವೆ ಅಥವಾ ಗುಲ್ಮದ ಹತ್ತಿರದ ತಿರುವಿನಲ್ಲಿದ್ದರೆ ಸರ್ಜನ್‌ಗಳಲ್ಲೇ ಮಾತು ಬೇರೆಯಾಗುತ್ತದೆ. ಆ ತಿರುವು ಎರಡು ರಕ್ತನಾಳಗಳ ಸರಹದ್ದು. ಒಬ್ಬರು ಬಲಭಾಗದಿಂದ ಅಲ್ಲಿಯವರೆಗೂ ತೆಗೆಯುವ ಎಕ್ಸ್‌ಟೆಂಡೆಡ್ ರೈಟ್ ಎನ್ನುತ್ತಾರೆ. ಇನ್ನೊಬ್ಬರು ಎಡಭಾಗ ಸಾಕು ಎನ್ನುತ್ತಾರೆ. ಮತ್ತೊಬ್ಬರು ಆ ತಿರುವನ್ನಷ್ಟೇ. ಮೊದಲನೆಯದರಲ್ಲಿ ಜೋಡಣೆಗೆ ಸಿಗುವುದು ಸಣ್ಣ ಕರುಳು. ಅದಕ್ಕೆ ರಕ್ತ ಚೆನ್ನಾಗಿ ಹರಿಯುತ್ತದೆ, ಆದರೆ ದೊಡ್ಡ ಕರುಳಿನ ಬಹುಪಾಲು ಹೋಗುತ್ತದೆ. ಉಳಿದೆರಡರಲ್ಲಿ ಕರುಳು ಹೆಚ್ಚು ಉಳಿಯುತ್ತದೆ, ಜೋಡಣೆಗೆ ರಕ್ತ ಸಾಲುತ್ತದೆಯೇ ಎಂದು ಮೇಜಿನ ಮೇಲೆ ಹೆಚ್ಚು ಎಚ್ಚರದಿಂದ ನೋಡಬೇಕಾಗುತ್ತದೆ. ಇದು ಮನೆಯವರು ತಲೆ ಕೆಡಿಸಿಕೊಳ್ಳುವ ಆಯ್ಕೆ ಅಲ್ಲವೆಂದೇ ನನ್ನ ಅಭಿಪ್ರಾಯ; ಸರ್ಜನ್‌ಗೆ ಯಾವುದು ಕೈವಶವಾಗಿದೆಯೋ ಅದು.

ಅಗಲಕ್ಕಲ್ಲ, ಆಳಕ್ಕೆ

ಇತ್ತೀಚೆಗೆ ದೊಡ್ಡ ಆಸ್ಪತ್ರೆಗಳ ಚೀಟಿಗಳಲ್ಲಿ "ಸಿಎಂಇ" ಅಥವಾ "ಡಿ3" ಎಂದು ಬರೆದಿರುತ್ತಾರೆ. ಇದರಲ್ಲಿ ಮುಖ್ಯವಾಗಿ ಹೆಚ್ಚುವುದು ಕರುಳಿನ ಹಿಂದಿನ ಪೊರೆಯನ್ನು ಹರಿಯದೆ ಇಡಿಯಾಗಿ ಬಿಡಿಸಿ, ರಕ್ತನಾಳವನ್ನು ತೀರ ಬುಡದಲ್ಲಿ ಕಟ್ಟಿ, ಇನ್ನೂ ಆಳದ ಗ್ರಂಥಿಗಳನ್ನು ತೆಗೆಯುವ ಕೆಲಸ. ಜರ್ಮನಿಯ ಎರ್ಲಾಂಗೆನ್‌ನ ಹೋಹೆನ್‌ಬರ್ಗರ್ ತಂಡ 2009ರಲ್ಲಿ ಪ್ರಕಟಿಸಿದ ಫಲಿತಾಂಶಗಳ ನಂತರ ಇದು ಹೆಸರಾಯಿತು; ಜಪಾನಿನಲ್ಲಿ ಡಿ3 ಅದಕ್ಕಿಂತ ಹಳೆಯದು. ಬಲಭಾಗದ ಕ್ಯಾನ್ಸರ್‌ಗೆ ಚೀನಾದಲ್ಲಿ ಸಿಎಂಇಯನ್ನೂ ಸಾಮಾನ್ಯ ವಿಧಾನವನ್ನೂ ಚೀಟಿ ಎತ್ತಿದಂತೆ ಹಂಚಿ ಹೋಲಿಸಿದ ದೊಡ್ಡ ಅಧ್ಯಯನದಲ್ಲಿ, ಮೂರು ವರ್ಷ ಕಾಯಿಲೆ ಮರಳದೆ ಇದ್ದವರ ಪ್ರಮಾಣ ಸಿಎಂಇ ಗುಂಪಿನಲ್ಲಿ ಸ್ವಲ್ಪ ಹೆಚ್ಚಿತ್ತು, ಆದರೆ ಖಚಿತ ಎನ್ನುವಷ್ಟು ವ್ಯತ್ಯಾಸ ಇರಲಿಲ್ಲ. ರಕ್ತನಾಳಕ್ಕೆ ಗಾಯವಾಗುವುದು ಸಿಎಂಇಯಲ್ಲಿ ಹೆಚ್ಚು. ಸ್ಕ್ಯಾನಿಂಗ್‌ನಲ್ಲಿ ಗ್ರಂಥಿಗಳು ದಪ್ಪವಾಗಿ ಕಂಡು, ಸರ್ಜನ್‌ಗೆ ಇದು ದಿನನಿತ್ಯದ ಕೆಲಸವಾಗಿದ್ದರೆ ಒಳ್ಳೆಯದು. ಈ ಮೂರಕ್ಷರಕ್ಕಾಗಿ ತೋಟ ಅಡ ಇಟ್ಟು ಬೆಂಗಳೂರಿಗೆ ಓಡುವ ಅಗತ್ಯ ನನಗೆ ಕಾಣುವುದಿಲ್ಲ.

ಇಡೀ ದೊಡ್ಡ ಕರುಳು ತೆಗೆಯುವುದು

ನಿಜವಾದ ಆಯ್ಕೆ ಇರುವುದು ಇಲ್ಲಿ. ಇಡೀ ದೊಡ್ಡ ಕರುಳು ಅಥವಾ ಅದರ ಬಹುಪಾಲು ತೆಗೆದು, ಸಣ್ಣ ಕರುಳನ್ನು ಗುದನಾಳಕ್ಕೆ ಇಲ್ಲವೇ ಸಿಗ್ಮಾಯ್ಡ್‌ನ ತುದಿಗೆ ಜೋಡಿಸುವ ಆಪರೇಷನ್. ಎರಡು ಜಾಗದಲ್ಲಿ ದೂರ ದೂರ ಗೆಡ್ಡೆ ಇದ್ದರೆ ಬಹಳ ಸಲ ಇದೇ ದಾರಿ. ಹೆಚ್ಚು ಚರ್ಚೆಯಾಗುವುದು ಲಿಂಚ್ ಸಿಂಡ್ರೋಮ್ ಇರುವವರ ವಿಷಯದಲ್ಲಿ.

ಲಿಂಚ್ ಎಂದರೆ ಡಿಎನ್‌ಎಯ ತಪ್ಪುಗಳನ್ನು ತಿದ್ದುವ ಜೀನ್‌ಗಳಲ್ಲೊಂದು ಹುಟ್ಟಿನಿಂದಲೇ ಕೆಟ್ಟಿರುವುದು. ತಂದೆ ಅಥವಾ ತಾಯಿಯಲ್ಲಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ದೊಡ್ಡ ಕರುಳಿನ ಕ್ಯಾನ್ಸರ್ ಆದ ನೂರು ಜನರಲ್ಲಿ ಸುಮಾರು ಮೂವರಿಗೆ ಇದು ಇರುತ್ತದೆ. ಅನುಮಾನ ಪಡುವುದು ಹೇಗೆ? ಹತ್ತಿರದ ರಕ್ತಸಂಬಂಧಿಗಳಲ್ಲಿ ಮೂವರಿಗೆ, ಒಂದರ ಮೇಲೊಂದರಂತೆ ಎರಡು ತಲೆಮಾರಿನಲ್ಲಿ, ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದು, ಅವರಲ್ಲಿ ಒಬ್ಬರಿಗಾದರೂ ಐವತ್ತರೊಳಗೆ ಬಂದಿದ್ದರೆ ಎಚ್ಚರ. ನಮ್ಮ ಕಡೆ "ಅತ್ತೆಗೆ ಹೊಟ್ಟೆಯಲ್ಲಿ ಗಡ್ಡೆ ಆಗಿತ್ತು, ಹೋಗಿಬಿಟ್ಟರು" ಎಂಬಲ್ಲಿಗೇ ಮನೆತನದ ಇತಿಹಾಸ ಮುಗಿದುಬಿಡುವುದರಿಂದ ಇದೊಂದನ್ನೇ ನಂಬಲಾಗದು. ಬಯಾಪ್ಸಿ ತುಂಡಿನ ಮೇಲೆಯೇ ಎಂಎಂಆರ್ ಎಂಬ ಪರೀಕ್ಷೆ ಮಾಡಬಹುದು. ಈ ತಿದ್ದುವ ಜೀನ್‌ಗಳಿಂದ ಬರುವ ನಾಲ್ಕು ಪ್ರೋಟೀನ್‌ಗಳು ಇವೆಯೋ ಇಲ್ಲವೋ ನೋಡುತ್ತಾರೆ. ಒಂದು ಇಲ್ಲವೆಂದ ಮಾತ್ರಕ್ಕೆ ಲಿಂಚ್ ಎಂದು ಹೇಳುವಂತಿಲ್ಲ. ಅವುಗಳಲ್ಲಿ ಎಂಎಲ್‌ಎಚ್1 ಎಂಬುದು ವಯಸ್ಸಾದವರ ಗೆಡ್ಡೆಯಲ್ಲಿ ಬೇರೆ ಕಾರಣಕ್ಕೂ ಕಾಣೆಯಾಗುತ್ತದೆ. ಖಚಿತವಾಗಲು ರಕ್ತದ ಜೀನ್ ಪರೀಕ್ಷೆ ಬೇಕು.

ಈಗ ತಕ್ಕಡಿಗೆ ಹಾಕೋಣ. ಲಿಂಚ್ ಇದ್ದವರಿಗೆ ಒಂದು ಭಾಗ ಮಾತ್ರ ತೆಗೆದಾಗ ಉಳಿದ ಕರುಳಿನಲ್ಲಿ ಮತ್ತೊಂದು ಕ್ಯಾನ್ಸರ್ ಬರುವ ಸಾಧ್ಯತೆ 10 ವರ್ಷಕ್ಕೆ ನೂರಕ್ಕೆ 16, 20 ವರ್ಷಕ್ಕೆ 41, 30 ವರ್ಷಕ್ಕೆ 62 ಎಂದು 2011ರಲ್ಲಿ ಬಂದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಪೂರ್ತಿ ತೆಗೆದರೆ ಈ ಅಪಾಯ ಬಹಳ ಇಳಿಯುತ್ತದೆ. ಆದರೆ ಪೂರ್ತಿ ತೆಗೆಸಿದವರು ಹೆಚ್ಚು ಕಾಲ ಬದುಕುತ್ತಾರೆ ಎಂಬುದು ಸ್ಪಷ್ಟವಾಗಿ ಸಾಬೀತಾಗಿಲ್ಲ. ತಪ್ಪದೆ ಕೊಲೊನೋಸ್ಕೋಪಿ ಮಾಡಿಸುವವರಲ್ಲಿ ಎರಡನೆಯ ಗೆಡ್ಡೆ ಬೇಗ ಸಿಕ್ಕಿಬಿಡುವುದು ಇದಕ್ಕೆ ಒಂದು ಕಾರಣ.

ಹಾಗಾದರೆ ವಯಸ್ಸು ಮಾತಾಡಬೇಕು. ಮೂವತ್ತೆಂಟರ ಹೆಂಗಸಿಗೆ ಮುಂದೆ ಮೂವತ್ತು ನಲವತ್ತು ವರ್ಷ ಇದೆ, ನೂರಕ್ಕೆ 62ರ ಲೆಕ್ಕ ಅವಳಿಗೆ ಅನ್ವಯಿಸುತ್ತದೆ. ಎಪ್ಪತ್ತೆರಡರವರಿಗೆ ಹತ್ತು ವರ್ಷದ ಲೆಕ್ಕ ಸಾಕು, ಒಂದು ಭಾಗ ತೆಗೆಸಿ ಸ್ಕೋಪ್ ಮಾಡಿಸಿಕೊಂಡಿರಬಹುದು. ಜೀನ್ ಯಾವುದು ಎಂಬುದೂ ಮುಖ್ಯ: ಎಂಎಲ್‌ಎಚ್1, ಎಂಎಸ್‌ಎಚ್2 ಕೆಟ್ಟಿದ್ದರೆ ಅಪಾಯ ಹೆಚ್ಚು; ಎಂಎಸ್‌ಎಚ್6, ಪಿಎಂಎಸ್2 ಆದರೆ ಕಡಿಮೆ. ಇನ್ನೊಂದು ಮಾತನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಲಿಂಚ್ ಇರುವ ಹೆಂಗಸರಿಗೆ ಗರ್ಭಕೋಶದ ಕ್ಯಾನ್ಸರ್‌ನ ಅಪಾಯವೂ ಹೆಚ್ಚು. ಮಕ್ಕಳಾಗುವುದು ಮುಗಿದಿದ್ದರೆ ಅದೇ ಆಪರೇಷನ್‌ನಲ್ಲಿ ಗರ್ಭಕೋಶ, ಅಂಡಾಶಯ ತೆಗೆಸುವ ಬಗ್ಗೆ ಸರ್ಜನ್ ಹತ್ತಿರ ಮೊದಲೇ ಕೇಳಬೇಕು.

ಇನ್ನು ಬೆಲೆ ತೆರುವ ಕಡೆ. ಪೂರ್ತಿ ತೆಗೆದ ಮೇಲೆ ದಿನಕ್ಕೆ ಮೂರರಿಂದ ಐದು ಸಲ ಹೋಗುವುದು ಸಾಮಾನ್ಯ, ಶುರುವಿನಲ್ಲಿ ಇನ್ನೂ ಹೆಚ್ಚು. ಶಿವಮೊಗ್ಗ ಪೇಟೆಯ ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಇದು ಕಿರಿಕಿರಿ, ಅಷ್ಟೇ. ದಿನವಿಡೀ ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗುವ ಕೊನೆಗಾರನಿಗೆ, ದೂರದ ಬೆಟ್ಟದ ಬದಿಯ ತೋಟದಲ್ಲಿರುವವರಿಗೆ, ಬಸ್ಸಿನ ಕಂಡಕ್ಟರ್‌ಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಎಷ್ಟೋ ಹಳೆ ಮನೆಗಳಲ್ಲಿ ಕಕ್ಕಸು ಇರುವುದು ಹಿತ್ತಲ ತುದಿಯಲ್ಲಿ. ಆಷಾಢದ ಮಳೆಯಲ್ಲಿ ರಾತ್ರಿ ಎರಡು ಸಲ ಅಲ್ಲಿಗೆ ಹೋಗಿಬರುವುದನ್ನು ಒಮ್ಮೆ ಯೋಚಿಸಿ. ಈ ಆಪರೇಷನ್ ಮಾಡಿಸಲು ತೀರ್ಮಾನಿಸಿದವರು ಆಸ್ಪತ್ರೆಗೆ ಹೋಗುವ ಮುಂಚೆಯೇ ಮನೆಯೊಳಗೆ ಒಂದು ಕಮೋಡ್ ಮಾಡಿಸಿಕೊಳ್ಳಲಿ ಎಂಬುದು ನನ್ನ ಸಲಹೆ. ಲೊಪೆರಮೈಡ್ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೆ ಅನೇಕರಿಗೆ ಹಿಡಿತಕ್ಕೆ ಬರುತ್ತದೆ. ನೀರು, ಉಪ್ಪು ದೇಹದಿಂದ ಬೇಗ ಹೋಗುವುದರಿಂದ ಉಪ್ಪು ಹಾಕಿದ ಗಂಜಿತಿಳಿ, ಮಜ್ಜಿಗೆ, ಓಆರ್‌ಎಸ್ ಕೈಹತ್ತಿರ ಇರಬೇಕು. ಮೊದಲ ಒಂದೂವರೆ ತಿಂಗಳು ಕಳಲೆ, ಹಲಸಿನ ತೊಳೆಯಂಥ ನಾರಿನ ಪದಾರ್ಥ ದೂರವಿರಲಿ. ಅಕ್ಕಿ ಗಂಜಿ, ಖಾರವಿಲ್ಲದ ತಂಬುಳಿ, ಬಾಳೆಹಣ್ಣು ಒಗ್ಗುತ್ತವೆ. ಗುದನಾಳ ಉಳಿದಿರುವುದರಿಂದ ವರ್ಷಕ್ಕೊಮ್ಮೆ ಅದರೊಳಗೆ ನೋಡಿಸುವುದು ತಪ್ಪುವುದಿಲ್ಲ. "ಪೂರ್ತಿ" ತೆಗೆಸಿದವರಿಗೂ ಪೂರ್ತಿ ಬಿಡುಗಡೆ ಇಲ್ಲ.

ನೂರಾರು ಪಾಲಿಪ್‌ಗಳು ಎಳೆ ವಯಸ್ಸಿನಲ್ಲೇ ಹುಟ್ಟುವ ಎಫ್‌ಎಪಿ ಎಂಬ ಇನ್ನೊಂದು ಮನೆತನದ ಕಾಯಿಲೆಯಲ್ಲಿ ಭಾಗ ತೆಗೆಯುವ ಮಾತೇ ಇಲ್ಲ. ಗುದನಾಳದಲ್ಲೂ ಪಾಲಿಪ್ ತುಂಬಿದ್ದರೆ ಅದನ್ನೂ ತೆಗೆದು ಸಣ್ಣ ಕರುಳಿನಿಂದಲೇ ಚೀಲ ಮಾಡಿ ಕೂರಿಸುತ್ತಾರೆ. ಇದನ್ನು ಆಗಾಗ ಮಾಡುವ ಕೇಂದ್ರದಲ್ಲೇ ಮಾಡಿಸಬೇಕು.

ಹೊಟ್ಟೆ ಕಟ್ಟಿ ಬಂದವರಿಗೆ

ಎಡಗಡೆ ಗೆಡ್ಡೆ ಬೆಳೆದು ಕರುಳು ಪೂರ್ತಿ ಕಟ್ಟಿಕೊಂಡು, ಹೊಟ್ಟೆ ನಗಾರಿಯಾಗಿ, ಗಾಳಿಯೂ ಹೋಗದೆ ಬರುವವರು ನಮ್ಮಲ್ಲಿ ಕಡಿಮೆಯೇನಲ್ಲ. ಮೂಲವ್ಯಾಧಿ ಎಂದುಕೊಂಡು ರಕ್ತ ಹೋಗುವುದನ್ನು ತಿಂಗಳುಗಟ್ಟಲೆ ಬಚ್ಚಿಟ್ಟಿರುತ್ತಾರೆ. ಆಗ ಮೊದಲ ಕೆಲಸ ಜೀವ ಉಳಿಸುವುದು. ಗೆಡ್ಡೆಯ ಭಾಗ ತೆಗೆದು ಮೇಲಿನ ತುದಿಯನ್ನು ಹೊಟ್ಟೆಯ ಮೇಲೆ ಹೊರತಂದು ಮಲ ಚೀಲಕ್ಕೆ ಬೀಳುವಂತೆ ಮಾಡಬಹುದು, ಅದನ್ನು ಹಾರ್ಟ್‌ಮನ್ ಎನ್ನುತ್ತಾರೆ. ಸ್ಟೆಂಟ್ ಎಂಬ ಜಾಲರಿ ಕೊಳವೆ ಹಾಕಿ ದಾರಿ ಬಿಡಿಸಿ, ಕೆಲವು ದಿನ ಸುಧಾರಿಸಿಕೊಂಡು ಆಪರೇಷನ್ ಮಾಡಬಹುದು. ಮೇಲಿನ ಕರುಳು ಉಬ್ಬಿ ಹರಿಯುವ ಹಂತಕ್ಕೆ ಬಂದಿದ್ದರೆ ಅದನ್ನೆಲ್ಲ ತೆಗೆಯಬೇಕಾಗಬಹುದು. ಯಾವುದು ಎಂಬುದನ್ನು ರಾತ್ರಿ ಎರಡು ಗಂಟೆಗೆ ಅಲ್ಲಿರುವ ಸರ್ಜನ್ ನಿರ್ಧರಿಸಲಿ. ಚೀಲ ಬಂದರೆ ಹೆದರಬೇಡಿ. ಅನೇಕರಿಗೆ ಕೆಲವು ತಿಂಗಳ ನಂತರ ಮರಳಿ ಜೋಡಿಸಬಹುದು, ಆದರೆ ವಯಸ್ಸಾದವರಲ್ಲಿ ಕೆಲವರು ಎರಡನೇ ಆಪರೇಷನ್ನೇ ಬೇಡವೆಂದು ಚೀಲದಲ್ಲೇ ಇದ್ದುಬಿಡುತ್ತಾರೆ, ಅದೂ ತಪ್ಪಲ್ಲ.

ಲಿವರಿಗೆ ಆಗಲೇ ಹಬ್ಬಿದ್ದು, ಕರುಳು ಕಟ್ಟಿಲ್ಲ, ರಕ್ತ ಹೆಚ್ಚು ಹೋಗುತ್ತಿಲ್ಲ ಎಂದಾದರೆ ಬಹಳ ಸಲ ಕೀಮೋ ಮೊದಲು ಬರುತ್ತದೆ. ಎಷ್ಟು ಕರುಳು ಎಂಬ ಚರ್ಚೆ ಅಲ್ಲಿ ಹಿಂದಕ್ಕೆ ಸರಿಯುತ್ತದೆ.

ಎಲ್ಲಿ, ಎಷ್ಟು ಖರ್ಚು

ಒಂದು ಭಾಗ ತೆಗೆಯುವ ಆಪರೇಷನ್‌ಗೆ ಊರು ಬಿಡಲೇಬೇಕೆಂದೇನಿಲ್ಲ. ಶಿವಮೊಗ್ಗದಲ್ಲಿ ಸಿಮ್ಸ್ ಮೆಡಿಕಲ್ ಕಾಲೇಜಿಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆ ಇದೆ, ಖಾಸಗಿಯವೂ ಇವೆ. ತೀರ್ಥಹಳ್ಳಿ, ಹೊಸನಗರದವರು ಘಾಟಿ ಇಳಿದು ಮಣಿಪಾಲ, ಮಂಗಳೂರಿಗೆ ಹೋಗುವುದು ಹಳೆಯ ರೂಢಿ. ಲಿಂಚ್, ಎಫ್‌ಎಪಿ ಅನುಮಾನ ಇದ್ದರೆ, ಎರಡು ಕಡೆ ಗೆಡ್ಡೆ ಇದ್ದರೆ, ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗುವುದಕ್ಕೆ ಅರ್ಥವಿದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡಿದ್ದರೆ ಅದನ್ನೂ ವಿಚಾರಿಸಿ. ಖಾಸಗಿ ಆಸ್ಪತ್ರೆಗೆ ಹೋಗುವವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಎಂದು ಮೊದಲೇ ಕೇಳಿಕೊಳ್ಳಬೇಕು. ಕರುಳು ಜೋಡಿಸುವ ಸ್ಟೇಪ್ಲರ್, ಎಂಎಂಆರ್ ಪರೀಕ್ಷೆ, ಚೀಲದ ಸಾಮಾನು ಪ್ಯಾಕೇಜ್‌ನೊಳಗೋ ಹೊರಗೋ ಎಂಬುದನ್ನು ಬರೆಸಿಕೊಳ್ಳಿ. ಹಣ ಬಿಗಿಯಾಗಿದ್ದರೆ ನಾನು ಲ್ಯಾಪರೊಸ್ಕೋಪಿ (ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್) ಬಿಟ್ಟೇನು, ಎಂಎಂಆರ್ ಬಿಡುವುದಿಲ್ಲ. ಲ್ಯಾಪರೊಸ್ಕೋಪಿಯಲ್ಲಿ ನೋವು ಕಡಿಮೆ, ಬೇಗ ಮನೆಗೆ ಬರಬಹುದು, ನಿಜ. ಕ್ಯಾನ್ಸರ್ ವಾಸಿಯಾಗುವ ಲೆಕ್ಕದಲ್ಲಿ ಹೊಟ್ಟೆ ತೆರೆದು ಮಾಡಿದ್ದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲವೆಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಎಂಎಂಆರ್ ಮಾತ್ರ ಎಷ್ಟು ಕರುಳು ಎಂಬ ತೀರ್ಮಾನವನ್ನೇ ಬದಲಿಸಬಲ್ಲದು, ಅದಕ್ಕೆ ಹಿಡಿಯುವುದು ಕೆಲವೇ ಸಾವಿರ.

ಜೋಡಣೆ ಸೋರುವ ಅಪಾಯ ಯಾವ ಆಪರೇಷನ್‌ನಲ್ಲೂ ಇದೆ. ಅದು ಹೆಚ್ಚಾಗಿ ಮೊದಲ ವಾರದ ಕೊನೆಗೆ ಕಾಣಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಡಿಸ್ಚಾರ್ಜ್ ಆದ ದಿನವೇ ಹೊಳೆಯಾಚೆಯ ಮನೆಗೆ ಹೋಗಬೇಡಿ. ಒಂದು ವಾರ ಪೇಟೆಯಲ್ಲಿ ನೆಂಟರ ಮನೆಯಲ್ಲಿದ್ದು, ಜ್ವರ, ಹೊಟ್ಟೆನೋವು, ಏದುಸಿರು ಬಂದರೆ ತಕ್ಷಣ ವಾಪಸ್ ಹೋಗಿ.

ಇಬ್ಬರು ಸರ್ಜನ್‌ಗಳ ಮಾತು ಬೇರೆಯಾದಾಗ

ಇಬ್ಬರಿಗೂ ಒಂದೇ ಪ್ರಶ್ನೆಗಳನ್ನು ಹಾಕಿ. ಯಾವ ರಕ್ತನಾಳವನ್ನು ಬುಡದಲ್ಲಿ ಕಟ್ಟುತ್ತೀರಿ? ಉಳಿಯುವ ಕರುಳಿನ ಬಗ್ಗೆ ನಿಮಗಿರುವ ಅನುಮಾನ ಏನು, ಅದು ಯಾವ ರಿಪೋರ್ಟ್‌ನಲ್ಲಿದೆ? ದಿನಕ್ಕೆಷ್ಟು ಸಲ ಹೋಗಬೇಕಾದೀತು? ಹೆಚ್ಚು ತೆಗೆಯಬೇಕೆನ್ನುವವರು ಎರಡನೆಯ ಪ್ರಶ್ನೆಗೆ ಕಾಗದ ತೋರಿಸಿದರೆ ಅವರ ಮಾತಿಗೆ ತೂಕವಿದೆ. "ಸೇಫ್ಟಿಗೆ" ಎಂದಷ್ಟೇ ಹೇಳಿದರೆ ನಾನು ಒಂದು ಭಾಗ ಸಾಕು ಎಂದವರ ಕಡೆ. ಕರುಳು ಕಟ್ಟಿಲ್ಲದಿದ್ದರೆ ಎಂಎಂಆರ್ ರಿಪೋರ್ಟ್‌ಗಾಗಿ ಒಂದು ವಾರ ಕಾಯುವುದರಿಂದ ಏನೂ ಕೆಡುವುದಿಲ್ಲ.

ಒಂದು ಭಾಗ ತೆಗೆಸಿದವರು ವರ್ಷದೊಳಗೆ ಒಂದು ಕೊಲೊನೋಸ್ಕೋಪಿ, ಅದು ಸರಿಯಿದ್ದರೆ ಮೂರು ವರ್ಷಕ್ಕೆ ಇನ್ನೊಂದು, ಆಮೇಲೆ ಐದು ವರ್ಷಕ್ಕೊಮ್ಮೆ ಮಾಡಿಸಬೇಕು. ಲಿಂಚ್ ಇದ್ದು ಕರುಳು ಉಳಿಸಿಕೊಂಡವರಿಗೆ ಒಂದೆರಡು ವರ್ಷಕ್ಕೊಮ್ಮೆ, ಬದುಕಿರುವವರೆಗೂ. ಕೊನೆಕೊಯ್ಲು, ಮದುವೆ, ಮಳೆ ಎಂದು ಮುಂದೂಡುವ ಸ್ವಭಾವದವರಾದರೆ ಅದನ್ನು ಸರ್ಜನ್ ಎದುರು ಮೊದಲೇ ಒಪ್ಪಿಕೊಳ್ಳಿ. ಪೂರ್ತಿ ತೆಗೆಸುವುದರ ಪರವಾಗಿ ಅದೂ ಒಂದು ಕಾರಣ. ಲಿಂಚ್ ಖಚಿತವಾದರೆ ರೋಗಿಯ ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು ಜೀನ್ ಪರೀಕ್ಷೆ ಮಾಡಿಸಬೇಕು. ಎಂಎಲ್‌ಎಚ್1, ಎಂಎಸ್‌ಎಚ್2 ಕೆಟ್ಟಿರುವ ಮಕ್ಕಳಿಗೆ 20–25ನೇ ವಯಸ್ಸಿನಿಂದಲೇ ಕೊಲೊನೋಸ್ಕೋಪಿ ಶುರುವಾಗುತ್ತದೆ, ಉಳಿದೆರಡು ಜೀನ್ ಆದರೆ 30–35ರಿಂದ.